ಅರ್ಧ ಒರೆಸಿದ ಗೋಳಿಬಜೆ

ವಾಶಿಯ ನಮ್ಮ ಡಿಸೈನ್ ಸ್ಟುಡಿಯೋದಲ್ಲಿ ಒಂದು ಗೋಡೆ ಇತ್ತು. ಅದಕ್ಕೆ ಸ್ಫೂರ್ತಿಯ ಗೋಡೆ ಎಂದು ಹೆಸರು. ಹೆಸರಿಟ್ಟವರು ಸ್ಟುಡಿಯೋದ ಒಡೆಯರು, ನಾವೆಲ್ಲ ಸಾಹೇಬರು ಎನ್ನುತ್ತಿದ್ದ ಮಹಾಶಯರು. ವಿದೇಶಿ ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಚಿತ್ರಗಳು ಅದರ ತುಂಬ. ಮಂಜಿನಲ್ಲಿ ನಿಂತ ಒಂಟಿ ಕುರ್ಚಿ, ತುಕ್ಕು ಹಿಡಿದ ಬೀಗ, ಯಾವುದೋ ಮುದುಕಿಯ ಸುಕ್ಕುಗಟ್ಟಿದ ಕೈ, ದೊಡ್ಡ ಬಿಳಿ ತಟ್ಟೆಯ ನಡುವೆ ಒಂದೇ ಒಂದು ಬಟಾಣಿ ಕಾಳು. ಹೊಸ ಕೆಲಸ ಬಂದಾಗಲೆಲ್ಲ ನಾವು ಆರು ಜನ ಡಿಸೈನರುಗಳು ಆ ಗೋಡೆಯ ಮುಂದೆ ಹತ್ತು ನಿಮಿಷ ಮಾತಾಡದೆ ನಿಲ್ಲಬೇಕು. ಬಂದ ಕೆಲಸವಾದರೂ ಏನು? ಕೋಪರ್‌ಖೈರಣೆಯ ಟ್ಯೂಶನ್ ಕ್ಲಾಸಿನ ಕರಪತ್ರ, ನೆರೂಳಿನ ಹಲ್ಲಿನ ಡಾಕ್ಟರರ ಬೋರ್ಡು. ಹಲ್ಲಿನ ಡಾಕ್ಟರರಿಗೆ ಬಟಾಣಿಯಿಂದ ಯಾವ ಸ್ಫೂರ್ತಿ ಬರಬೇಕೋ ಆ ದೇವರೇ ಬಲ್ಲ. ಆದರೂ ನಿಲ್ಲುತ್ತಿದ್ದೆವು, ಮಂಗಳಾರತಿಗೆ ಕಾಯುವವರ ಹಾಗೆ ಕೈಕಟ್ಟಿಕೊಂಡು, ಮನಸ್ಸಿನಲ್ಲಿ ಸಂಜೆಯ ಠಾಣೆ ಲೋಕಲ್ ಸಿಗುತ್ತದೋ ಇಲ್ಲವೋ ಎಂದು ಯೋಚಿಸುತ್ತ.

ಸಾಹೇಬರ ಖಾದಿ ಕುರ್ತಾದ ತೋಳಿಗೆ ಸದಾ ಬಣ್ಣ ಮೆತ್ತಿರುತ್ತಿತ್ತು. ಎಲ್ಲಿ ಮೆತ್ತಿಕೊಂಡರು ಎಂಬುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಏಕೆಂದರೆ ನಮ್ಮ ಸ್ಟುಡಿಯೋದಲ್ಲಿ ಬಣ್ಣದ ಡಬ್ಬಿಯೇ ಇರಲಿಲ್ಲ, ಎಲ್ಲ ಕಂಪ್ಯೂಟರಿನಲ್ಲೇ. ಭಾನುವಾರಗಳಂದು ಅವರು ಒಂದಿಷ್ಟು ಜನರನ್ನು ಕಟ್ಟಿಕೊಂಡು ಕ್ರಿಯೇಟಿವ್ ಫೋಟೋಗ್ರಫಿಗೆ ಹೊರಡುತ್ತಿದ್ದರು. ವಾಶಿಯ ಹೋಲ್‌ಸೇಲ್ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಹೊತ್ತವರ ಎದುರು ನೆಲದ ಮೇಲೆ ಮಲಗಿ, ಅವರ ಬೆವರನ್ನು ಕಪ್ಪು ಬಿಳುಪಿನಲ್ಲಿ ಹಿಡಿಯುವುದು ಅವರಿಗೆ ಬಲು ಪ್ರೀತಿ. ಒಬ್ಬ ಹಮಾಲ ಮೂಟೆ ಇಳಿಸಿ ಕೇಳಿದ್ದ, ಒಂದು ಕಾಪಿ ಕೊಡ್ತೀರಾ ಸಾಹೇಬ್, ಊರಿಗೆ ಕಳಿಸುತ್ತೇನೆ ಎಂದು. ಹೂಂ ಹೂಂ ಎಂದರು. ಯಾರೂ ಕೊಡಲಿಲ್ಲ. ಅವನ ಬೆನ್ನಿನ ಚಿತ್ರ ಮಾತ್ರ ಆರು ತಿಂಗಳು ನಮ್ಮ ಗೋಡೆಯ ಮೇಲೆ, ಬಟಾಣಿಯ ಪಕ್ಕದಲ್ಲಿ ಇತ್ತು.

ಇದನ್ನೆಲ್ಲ ಈಗ ಮೂಗು ಮುರಿದು ಬರೆಯುತ್ತಿದ್ದೇನೆ. ಆಗ ನನ್ನದೂ ಅದೇ ಜಾತಿ. ಕಂತಿನಲ್ಲಿ ಕೊಂಡ ಕ್ಯಾಮೆರಾ ಕುತ್ತಿಗೆಗೆ ನೇತುಹಾಕಿಕೊಂಡು ಹಮಾಲರ ಎದುರು ನಾನೂ ಮಲಗಿದವಳೇ. ಲೇಡೀಸ್ ಡಬ್ಬಿಯಲ್ಲಿ ಕುತ್ತಿಗೆಯ ಕ್ಯಾಮೆರಾ ನಾಲ್ಕು ಜನರಿಗೆ ಕಾಣಲಿ ಎಂದು ಬ್ಯಾಗಿಗೆ ಹಾಕದೆ ಡೊಂಬಿವಿಲಿಯ ನಮ್ಮ ಮನೆಯವರೆಗೂ ಹೊತ್ತವಳು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನ್ನದು ಕೊಡೆಯಲ್ಲ, ಲೆನ್ಸು.

ನನ್ನ ಅಪ್ಪ ಠಾಣೆ ಸ್ಟೇಷನ್ನಿನ ಪಶ್ಚಿಮಕ್ಕೆ, ರಸ್ತೆ ದಾಟಿದರೆ ಸಿಗುವ ಒಂದು ಉಡುಪಿ ಹೋಟೆಲಿನಲ್ಲಿ ಸೂಪರ್‌ವೈಸರ್ ಆಗಿದ್ದರು. ಉಡುಪಿ ಕಡೆಯಿಂದ ಹುಡುಗರಾಗಿದ್ದಾಗಲೇ ಬಂದು, ಟೇಬಲ್ ಒರೆಸಿ, ಪ್ಲೇಟು ಎತ್ತಿ, ಸಪ್ಲೈ ಮಾಡಿ, ಕೊನೆಗೆ ಆ ಪದವಿಗೆ ಏರಿದವರು. ಓದಿದ್ದು ಹೋಟೆಲ್ ಹುಡುಗರಿಗೆಂದೇ ಮುಂಬಯಿಯಲ್ಲಿ ನಡೆಯುತ್ತಿದ್ದ ಕನ್ನಡ ರಾತ್ರಿಶಾಲೆಯಲ್ಲಿ. ಅದರ ಋಣವೋ ಏನೋ, ಅಮ್ಮ ನನ್ನ ಜೊತೆ ತುಳು ಮಾತಾಡಿದರೆ ಅಪ್ಪ ಹಟ ಹಿಡಿದು ಕನ್ನಡವೇ ಮಾತಾಡುತ್ತಿದ್ದರು. ನಾನು ಅಷ್ಟೇ ಹಟದಿಂದ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದೆ.

ಹೋಟೆಲಿನ ಬಾಗಿಲ ಪಕ್ಕ ಒಂದು ಕರಿಹಲಗೆ. ಬೆಳಿಗ್ಗೆ ಆರಕ್ಕೆ ಅಪ್ಪ ಅದರ ಮೇಲೆ ಸೀಮೆಸುಣ್ಣದಿಂದ ಆ ದಿನದ ತಿಂಡಿಗಳನ್ನು ಬರೆಯುತ್ತಿದ್ದರು. ಎಡಗಡೆ ಮರಾಠಿ, ಬಲಗಡೆ ಕನ್ನಡ. ಮರಾಠಿ ಅಕ್ಷರಗಳ ತಲೆಯ ಮೇಲೆ ಉದ್ದಕ್ಕೆ ಒಂದೇ ಗೆರೆ ಎಳೆಯಬೇಕಲ್ಲ, ಅಪ್ಪ ಎಳೆಯುತ್ತಿರಲಿಲ್ಲ. ಕನ್ನಡಕ್ಕೆ ತಲಕಟ್ಟು ಕೊಡುವ ಹಾಗೆ ಒಂದೊಂದು ಅಕ್ಷರಕ್ಕೂ ಅದರದೇ ಪುಟ್ಟ ಗೆರೆ, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ತಿರುಗಿಸಿ. ಒಂದೊಂದು ಅಕ್ಷರವೂ ಟೊಪ್ಪಿ ಹಾಕಿಕೊಂಡಂತೆ ಕಾಣುತ್ತಿತ್ತು. ಡೊಂಬಿವಿಲಿಯ ಮರಾಠಿ ಶಾಲೆಯಲ್ಲಿ ನಾನೂ ಹಾಗೇ ಬರೆದಾಗ ಟೀಚರಮ್ಮ ನನ್ನ ಪುಸ್ತಕವನ್ನು ಇಡೀ ತರಗತಿಗೆ ತೋರಿಸಿ ನಗಿಸಿದ್ದರು. ಅಂದು ಮನೆಗೆ ಬಂದು ಅಪ್ಪನಿಗೆ ಹೇಳಿದ್ದೆ, ನಿಮ್ಮ ಅಕ್ಷರ ಗಲೀಜಾಗಿದೆ, ನನಗೆ ಕಲಿಸಬೇಡಿ ಎಂದು. ಅವರು ಕನ್ನಡ ಅಕ್ಷರಗಳನ್ನು ಮಾತ್ರ ಕಲಿಸುವುದನ್ನು ಬಿಡಲಿಲ್ಲ. ಶಾಲೆಗೆ ರಜೆ ಇದ್ದಾಗ ಹೋಟೆಲಿಗೆ ಕರೆದುಕೊಂಡು ಹೋಗಿ ಹಲಗೆ ಓದಿಸುತ್ತಿದ್ದರು. ಇಡ್ಲಿ, ಬನ್ಸ್, ನೀರುದೋಸೆ, ಗೋಳಿಬಜೆ. ನನ್ನ ಕನ್ನಡದ ಮೊದಲ ಪಾಠಗಳು ಇವೇ, ಎಲ್ಲ ತಿನ್ನುವಂಥವು.

ಆ ಹಲಗೆಗೆ ಒಂದು ಕ್ರಮ ಇತ್ತು. ಬೇಗ ಖರ್ಚಾಗಬೇಕಾದದ್ದು ಮೇಲಿನ ಸಾಲಿಗೆ. ಬಾಳೆಹಣ್ಣು ಕಪ್ಪಾಗತೊಡಗಿದರೆ ಬನ್ಸ್ ಮೇಲೆ ಬರುತ್ತಿತ್ತು. ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಕೆಸುವಿನೆಲೆಯ ಪತ್ರೊಡೆ ಕಾಣಿಸಿಕೊಳ್ಳುತ್ತಿತ್ತು. ಇದಕ್ಕಿಂತ ಮುಖ್ಯವಾದದ್ದು ಒರೆಸುವುದು. ಅಪ್ಪನ ಹೆಗಲ ಮೇಲೆ ಯಾವಾಗಲೂ ಒಂದು ಒದ್ದೆ ಬಟ್ಟೆ. ಒಳಗಿಂದ ಅಡುಗೆ ಭಟ್ಟರು "ಬನ್ಸ್ ಖಾಲಿ!" ಎಂದು ಕೂಗಿದರೆ, ಗಲ್ಲಾಪೆಟ್ಟಿಗೆಯ ಹತ್ತಿರ ಯಾರೇ ಇರಲಿ, ಏನೇ ಇರಲಿ, ಅಪ್ಪ ಎದ್ದು ಹೋಗಿ ಆ ಸಾಲನ್ನು ಒರೆಸಿ ಬರುತ್ತಿದ್ದರು. ಆಫೀಸಿಗೆ ಓಡುವ ಗಿರಾಕಿಗಳು ರಸ್ತೆಯ ಆಚೆಯಿಂದಲೇ ಹಲಗೆ ನೋಡಿ, ತಮಗೆ ಬೇಕಾದ ಸಾಲು ಇದ್ದರೆ ದಾಟುವುದು, ಇಲ್ಲದಿದ್ದರೆ ನೇರ ಸ್ಟೇಷನ್ನಿಗೆ ಹೋಗುವುದು.

"ಆಮೇಲೆ ಒರೆಸಿದರೆ ಆಗುವುದಿಲ್ವಾ?" ಎಂದು ಒಮ್ಮೆ ನನ್ನ ಮರಾಠಿಯಲ್ಲಿ ಕೇಳಿದ್ದೆ.

"ಮುಗಿದದ್ದನ್ನು ಉಂಟು ಅಂತ ಬರೆದು ಇಟ್ಟರೆ ಅದು ಸುಳ್ಳು ಮಗಾ," ಎಂದಿದ್ದರು. "ಗಿರಾಕಿ ರಸ್ತೆ ದಾಟಿ ಬಂದು ಇಲ್ಲ ಅಂತ ಕೇಳಬಾರದು. ಅವನಿಗೆ ಟ್ರೈನು ತಪ್ಪುತ್ತದೆ."

ಇದು ವಿನ್ಯಾಸ ಎಂದು ನನಗೆ ಹೊಳೆಯಲಿಲ್ಲ. ನಾನು ಅದನ್ನು ಕಾಲೇಜಿನಲ್ಲಿ ಫೀಸು ಕೊಟ್ಟು, ದಪ್ಪ ಇಂಗ್ಲಿಷ್ ಪುಸ್ತಕ ಓದಿ ಕಲಿಯುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ.

ನಾನು ಸ್ಟುಡಿಯೋ ಸೇರಿದ ಎರಡನೇ ವರ್ಷ ಹೋಟೆಲಿನ ಯಜಮಾನರ ಮಗನಿಗೆ ಹೋಟೆಲನ್ನು ಹೊಸದು ಮಾಡುವ ಹುಮ್ಮಸ್ಸು ಬಂತು. ಕರಿಹಲಗೆ ತೆಗೆದು ಒಳಗೆ ಲೈಟ್ ಉರಿಯುವ ಬೋರ್ಡು, ಪ್ರತಿಯೊಂದು ತಿಂಡಿಯ ಬಣ್ಣದ ಫೋಟೋ. ಅಪ್ಪ ಏನು ಮಾಡಿದರು ಗೊತ್ತೇ? "ನನ್ನ ಮಗಳು ವಾಶಿಯಲ್ಲಿ ಇದೇ ಕೆಲಸ ಮಾಡುವುದು," ಎಂದು ಹೇಳಿ ಆ ಕೆಲಸ ನನಗೆ ಕೊಡಿಸಿದರು. ತಮ್ಮ ಹಲಗೆಯನ್ನು ತೆಗೆಯುವ ಕೆಲಸವನ್ನು ತಾವೇ ತಂದು ನನ್ನ ಕೈಗಿಟ್ಟರು. ಸ್ಟುಡಿಯೋದಲ್ಲಿ ನಾನು ಮಾತ್ರ, ಠಾಣೆಯಲ್ಲಿ ಒಂದು ಹೋಟೆಲಿನ ಪರಿಚಯ ಉಂಟು ಎಂದಷ್ಟೇ ಹೇಳಿದೆ. ಅಪ್ಪ ಬ್ಯಾಂಕಿನಲ್ಲಿದ್ದಾರೆ ಎಂದು ಅಲ್ಲಿ ಮೊದಲೇ ಹೇಳಿಯಾಗಿತ್ತು. ಮುಂಬಯಿಗೆ ಬಂದ ನಮ್ಮ ಉಡುಪಿ ಕಡೆಯವರಲ್ಲಿ ಹೆಚ್ಚಿನವರು ಹೋಟೆಲು, ಇಲ್ಲವೇ ಬ್ಯಾಂಕು. ಎರಡರಲ್ಲಿ ಒಂದನ್ನು ನಾನು ಆರಿಸಿಕೊಂಡಿದ್ದೆ.

ಫೋಟೋ ತೆಗೆಯಲು ಒಂದು ಮಧ್ಯಾಹ್ನ ಮೂರಕ್ಕೆ ಹೋದೆವು. ಯಜಮಾನರ ಮಗ ಊರಿಗೆ ಹೋಗಿದ್ದ. ಸಾಹೇಬರು, ಅವರ ಮಿತ್ರನೊಬ್ಬ ಫೋಟೋಗ್ರಾಫರ್, ನಾನು. ಆ ಫೋಟೋಗ್ರಾಫರನ ಕಲೆಯನ್ನು ನೋಡಬೇಕಿತ್ತು. ಬಿಸಿ ಇಡ್ಲಿ ಅವನಿಗೆ ಬಿಸಿಯಾಗಿ ಕಾಣಲಿಲ್ಲ. ಹತ್ತಿಯನ್ನು ನೀರಲ್ಲಿ ಅದ್ದಿ ಕಾಯಿಸಿ ಇಡ್ಲಿಯ ಹಿಂದೆ ಬಚ್ಚಿಟ್ಟು ಹಬೆ ಬರಿಸಿದ. ಸಾಂಬಾರಿಗೆ ಹೊಳಪು ಸಾಲದೆಂದು ಎಣ್ಣೆ ಸುರಿದ. ಚಟ್ನಿ ಹರಿಯುತ್ತದೆ ಎಂದು ಗಡ್ಡಕ್ಕೆ ಹಚ್ಚುವ ನೊರೆಗೆ ಹಸಿರು ಬಣ್ಣ ಕಲಸಿ ಬಟ್ಟಲಲ್ಲಿಟ್ಟ. ಕೊನೆಗೆ ಇಡ್ಲಿಯ ನೆತ್ತಿಯ ಮೇಲೆ ಯಾವುದೋ ವಿಲಾಯತಿ ಎಲೆ ಸಿಕ್ಕಿಸಿದ. ಒಳಗಿಂದ ಭಟ್ಟರು ಬಂದು ನೋಡಿ, "ಇದೆಂತ, ಇಡ್ಲಿಗೆ ಪೂಜೆಯಾ?" ಎಂದು ತುಳುವಿನಲ್ಲಿ ಕೇಳಿ ಹೋದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರೆ. ಇಲ್ಲಿ ಹಿಟ್ಟಿಗೇ ಹೂವು ಮುಡಿಸಿದ್ದರು.

ಚಹಾ ತಂದ ವೇಟರ್ ನನ್ನನ್ನು ಕಂಡು ಹಲ್ಲು ಕಿರಿದು, ಸೂಪರ್‌ವೈಸರ್ ಅಣ್ಣನ ಮಗಳು ಬಂದಿದ್ದಾಳೆ ಎಂದು ಒಳಗೆ ತುಳುವಿನಲ್ಲಿ ಕೂಗಿದ. ಏನಂತೆ ಎಂದು ಸಾಹೇಬರು ಕೇಳಿದರು. ಸಕ್ಕರೆ ಎಷ್ಟು ಎಂದು ಕೇಳುತ್ತಿದ್ದಾನೆ ಎಂದೆ.

ಸಾಹೇಬರ ಕಣ್ಣು ಹಲಗೆಯ ಮೇಲೆ ಬಿತ್ತು. ಹಳೆಯದು ಹೇಗಿತ್ತು, ನಾವು ಏನು ಮಾಡಿದೆವು ಎಂದು ಮುಂದಿನ ಗಿರಾಕಿಗಳಿಗೆ ತೋರಿಸಲು ಒಂದು ಚಿತ್ರ ಬೇಕಿತ್ತು. ಅವರು ಕ್ಯಾಮೆರಾ ಎತ್ತುವುದಕ್ಕೂ ಒಳಗಿಂದ "ಗೋಳಿಬಜೆ ಖಾಲಿ!" ಎಂಬ ಕೂಗು ಬರುವುದಕ್ಕೂ ಸರಿಹೋಯಿತು. ಅಪ್ಪ ಬಂದರು. ಹೆಗಲ ಬಟ್ಟೆ ತೆಗೆದು ಒರೆಸತೊಡಗಿದರು. ಆ ಸಾಲು ಅರ್ಧ ಅಳಿಸಿತ್ತು, ಬಲಗಡೆಯ ಗೋಳಿಬಜೆಯಲ್ಲಿ ಬಜೆ ಮಾತ್ರ ಉಳಿದಿತ್ತು.

"ಸ್ಟಾಪ್! ಸ್ಟಾಪ್!" ಎಂದು ಸಾಹೇಬರು ಚೀರಿದರು.

ನಾನು ಹೋಗಿ ಅಪ್ಪನ ಮಣಿಕಟ್ಟು ಹಿಡಿದೆ. "ರುಕೋ ಅಣ್ಣಾ, ಫೋಟೋ ಲೇ ರಹೇ ಹೈಂ," ಎಂದೆ.

ಅಪ್ಪನ ಜೊತೆ ನಾನು ಹುಟ್ಟಿದಾಗಿನಿಂದ ಹಿಂದಿ ಮಾತಾಡಿದವಳಲ್ಲ. ಅಣ್ಣಾ ಎನ್ನುವುದು ಗಿರಾಕಿಗಳು ಉಡುಪಿ ಹೋಟೆಲಿನವರನ್ನು ಕರೆಯುವ ಮಾತು. ಅಪ್ಪ ನನ್ನ ಮುಖ ನೋಡಿದರು. ಒರೆಸುವುದನ್ನು ನಿಲ್ಲಿಸಿ ಎರಡು ಹೆಜ್ಜೆ ಹಿಂದೆ ಸರಿದರು, ಚಿತ್ರದಲ್ಲಿ ತಾವು ಬೀಳದಷ್ಟು ದೂರ. ಬಟ್ಟೆಯಿಂದ ನೀರು ಅವರ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಇದನ್ನು ಬರೆಯುವವರು ಯಾರು?" ಸಾಹೇಬರು ಮರಾಠಿಯಲ್ಲಿ ಕೇಳಿದರು.

"ಯಾರೋ ಹೋಟೆಲಿನವರು ಇರಬೇಕು," ಎಂದೆ, ನಾನೂ ಮರಾಠಿಯಲ್ಲಿ. ಅಪ್ಪನಿಗೆ ಮರಾಠಿ ನನ್ನಷ್ಟೇ ಬರುತ್ತಿತ್ತು. ಅವರು ಒಳಗೆ ಹೋದರು.

ಬೆಳಕು ಇನ್ನೂ ಬೇಕು, ಹಲಗೆ ಮುಟ್ಟಬೇಡಿ ಎಂದು ಸಾಹೇಬರು ಅಪ್ಪಣೆ ಕೊಡಿಸಿದ್ದರಿಂದ ಆ ಬಜೆ ಸಂಜೆ ಆರರವರೆಗೆ ಹಾಗೇ ಇತ್ತು. ಅದನ್ನು ನೋಡಿ ರಸ್ತೆ ದಾಟಿ ಬಂದವರಿಗೆ ಅಪ್ಪ ಕೈಮುಗಿದು ಇಲ್ಲ ಎಂದು ಹೇಳುವುದನ್ನು ನಾನು ಲೈಟಿನ ಕಂಬ ಹಿಡಿದು ನಿಂತು ನೋಡಿದೆ.

ಅಂದು ರಾತ್ರಿ ಮನೆಯಲ್ಲಿ ಅಪ್ಪ, "ಫೋಟೋ ಚಂದ ಬಂತಾ?" ಎಂದರು ಅಷ್ಟೆ.

ಹೊಸ ಬೋರ್ಡು ಬಂತು. ಹತ್ತಿಯ ಹಬೆ, ಗಡ್ಡದ ನೊರೆ, ವಿಲಾಯತಿ ಎಲೆ, ಹಿಂದಿನಿಂದ ಝಗಝಗ ಲೈಟು. ಸಾಹೇಬರು ಅದನ್ನು ಸ್ಟುಡಿಯೋದ ಸಾಧನೆಗಳ ಪಟ್ಟಿಗೆ ಸೇರಿಸಿದರು. ನಮ್ಮ ಯಾರ ತಲೆಗೂ, ಹಲಗೆಯನ್ನು ಓದುತ್ತ ಬೆಳೆದ ನನ್ನ ತಲೆಗೂ, ಹೊಳೆಯದೆ ಹೋದ ಸಂಗತಿ ಒಂದೇ: ಇದನ್ನು ಒರೆಸುವುದು ಹೇಗೆ? ಬೆಳಿಗ್ಗೆ ಒಂಬತ್ತಕ್ಕೆ ಬನ್ಸ್ ಮುಗಿದರೂ ಬೋರ್ಡಿನಲ್ಲಿ ಬನ್ಸ್ ರಾತ್ರಿಯವರೆಗೂ ಉಬ್ಬಿಕೊಂಡು ಉರಿಯುತ್ತಿತ್ತು. ಪತ್ರೊಡೆ ಹನ್ನೆರಡು ತಿಂಗಳೂ ಸಿಗುವಂತೆ ಕಾಣುತ್ತಿತ್ತು. ಗಿರಾಕಿಗಳು ರಸ್ತೆ ದಾಟಿ ಬಂದು, ಬೋರ್ಡಿನಲ್ಲಿದ್ದದ್ದನ್ನು ಕೊಡುವುದಿಲ್ಲ ಏಕೆ ಎಂದು ಜಗಳಕ್ಕೆ ನಿಂತರು. "ಬೋರ್ಡ್ ಪೇ ಹೈ, ತೋ ದೇತೇ ಕ್ಯೋಂ ನಹೀಂ?" ಅಪ್ಪ ಮೊದಲು ಮುಗಿದ ತಿಂಡಿಯ ಮೇಲೆ ಬಿಳಿ ಕಾಗದ ಅಂಟಿಸಿ ನೋಡಿದರು. ಯಜಮಾನರ ಮಗ ಗದರಿದ, ಬೋರ್ಡಿನ ಲುಕ್ ಹಾಳಾಗುತ್ತದೆ ಎಂದು. ಆಮೇಲೆ ಅಪ್ಪ ತಾವೇ ಬಾಗಿಲಲ್ಲಿ ನಿಂತರು. ಬೆಳಗಿನ ಗದ್ದಲದಲ್ಲಿ ರಸ್ತೆಯ ಆಚೆಗೆ ಕೇಳುವಂತೆ ಕೂಗುವುದು: ಬನ್ಸ್ ಖತಂ, ಇಡ್ಲಿ ಹೈ, ನೀರುದೋಸೆ ಹೈ. ಒಂದೂವರೆ ವರ್ಷ ಹಾಗೆ ಕೂಗಿದರು. ಅವರ ಗಂಟಲು ಒಡೆದದ್ದು ಮತ್ತೆ ಸರಿಹೋಗಲಿಲ್ಲ.

ವಾಶಿಗೆ ಹೋಗಲು ನಾನು ದಿನವೂ ಠಾಣೆಯಲ್ಲಿ ಗಾಡಿ ಬದಲಿಸಬೇಕಿತ್ತು. ಮೊದಲೆಲ್ಲ ಹೊರಗೆ ಹೋಗಿ ಅಪ್ಪನ ಹತ್ತಿರ ಒಂದು ಚಹಾ ಕುಡಿದು ಬರುತ್ತಿದ್ದೆ. ಆಮೇಲೆ ಬಿಟ್ಟೆ. ಸ್ಟೇಷನ್ನಿನ ಸೇತುವೆಯ ಮೇಲಿಂದಲೇ ಆ ಕೂಗು ಒಮ್ಮೊಮ್ಮೆ ಕೇಳಿಸುತ್ತಿತ್ತು ಅಥವಾ ಕೇಳಿಸಿದಂತೆ ಅನಿಸುತ್ತಿತ್ತು. ಸೀಮೆಸುಣ್ಣದ ಹಲಗೆ ಅಡುಗೆಮನೆಯಲ್ಲಿ ಹಿಟ್ಟಿನ ಡ್ರಮ್ಮಿಗೆ ಮುಚ್ಚಳವಾಯಿತು. ಮುಂದೆ ಅಪ್ಪ ಕೆಲಸ ಬಿಟ್ಟರು, ಆ ಹೋಟೆಲೂ ಮುಚ್ಚಿತು. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಹತ್ತು ವರ್ಷ ಕಳೆದವು. ನಾನು ಸ್ಟುಡಿಯೋ ಬಿಟ್ಟು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಸಾಹೇಬರಿಂದ ಆಗಾಗ ಕೆಲಸ ಬರುತ್ತಿತ್ತು, ಅದಕ್ಕೇ ಅವರು ಕರೆದಾಗ ಹೋಗಲೇಬೇಕಿತ್ತು. ಸೀವುಡ್ಸ್ ಸ್ಟೇಷನ್ನಿನ ಹತ್ತಿರ ಒಂದು ಹಾಲ್‌ನಲ್ಲಿ ಅವರ ಭಾಷಣ, ವಿಷಯ "ಬೀದಿಯಿಂದ ಸ್ಫೂರ್ತಿ". ಅದೇ ದಿನ ನೆರೂಳಿನ ಆಸ್ಪತ್ರೆಯಲ್ಲಿ ಅಪ್ಪನ ಕಣ್ಣಿನ ತಪಾಸಣೆ ಇತ್ತು. ಪೊರೆ ತೆಗೆಸಿ ತಿಂಗಳಾಗಿತ್ತು. ಅದನ್ನು ಮುಗಿಸಿ, ತಣ್ಣಗೆ ಎ.ಸಿ.ಯಲ್ಲಿ ಕೂತುಕೊಳ್ಳಲಿ ಎಂದು ಅವರನ್ನೂ ಕರೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ.

ಸಾಹೇಬರು ಈಗ ಕೂದಲು ಬಿಟ್ಟು ಗಂಟು ಹಾಕಿದ್ದರು. ಬಟಾಣಿ ಹೋಗಿತ್ತು, ಮಂಜಿನ ಕುರ್ಚಿ ಹೋಗಿತ್ತು. ಈಗ ಫ್ಯಾಶನ್ ನಮ್ಮದು: ಲಾರಿಯ ಹಿಂಬದಿ, ಕ್ಷೌರದಂಗಡಿಯ ಹೆಸರು, ಪಾನ್ ಅಂಗಡಿಯ ಬಣ್ಣ. ಯಾವುದನ್ನು ಕಿತ್ತು ಹಾಕಿಸಲು ಸಾಹೇಬರು ಬದುಕಿನುದ್ದಕ್ಕೂ ದುಡಿದರೋ, ಅದರ ಮುಂದೆ ಕಣ್ಣೀರು ಹಾಕುವುದೇ ಈಗ ಅವರ ಉದ್ಯೋಗ. ಎದುರು ಕೂತ ಹುಡುಗ ಹುಡುಗಿಯರು ಅದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ನನಗೆ ಅವರ ಮೇಲೆ ಕನಿಕರವೂ ಬರಲಿಲ್ಲ.

ಆಗ ಪರದೆಯ ಮೇಲೆ, ಗೋಡೆಯಷ್ಟು ದೊಡ್ಡದಾಗಿ, ಅಪ್ಪನ ಹಲಗೆ ಬಂತು.

"ಅದು ನಮ್ಮದಲ್ವಾ?" ಅಪ್ಪ ಕಿವಿಯಲ್ಲಿ ಕೇಳಿದರು. ನಾನು ತಲೆಯಾಡಿಸಿದೆ.

ಸಾಹೇಬರು ಅಕ್ಷರಗಳ ಟೊಪ್ಪಿಗಳನ್ನು ಒಂದೊಂದಾಗಿ ತೋರಿಸಿದರು. ಎರಡು ಲಿಪಿಗಳು ಒಂದೇ ಕೈಯಲ್ಲಿ ಕೂಡಿ ಬಾಳಿದ ಬಗೆ ಎಂದರು. ಅನಾಮಧೇಯ ಕಲಾವಿದ ಎಂದರು. ಆಮೇಲೆ ಆ ಅಳಿಸಿದ ಜಾಗಕ್ಕೆ ಬಂದು ದನಿ ತಗ್ಗಿಸಿದರು. "ಇದನ್ನು ನೋಡಿ. ಒರೆಸುತ್ತ ಒರೆಸುತ್ತ ಅವನು ಅರ್ಧಕ್ಕೆ ನಿಂತಿದ್ದಾನೆ. ಏಕೆ ನಿಂತ? ಎಲ್ಲಿ ನಿಲ್ಲಬೇಕು ಎಂದು ಅವನಿಗೆ ಗೊತ್ತಿತ್ತು. ನನ್ನ ಈ ಹತ್ತು ವರ್ಷದ ಕೆಲಸಕ್ಕೆ ಇದೇ ಸ್ಫೂರ್ತಿ."

ನಿಲ್ಲಲು ಕಾರಣ ನನ್ನ ಕೈ. ಸಾಹೇಬರೇ ಚೀರಿ ನಿಲ್ಲಿಸಿದ್ದರು, ಅದು ಅವರಿಗೆ ನೆನಪಿಲ್ಲ. ಅಷ್ಟು ತಿರಸ್ಕಾರ ನನಗೆ ಯಾರ ಮೇಲೂ ಎಂದೂ ಬಂದದ್ದಿಲ್ಲ. ಅದರಲ್ಲಿ ಅರ್ಧ ಯಾರ ಪಾಲಿನದು ಎಂಬುದೂ ನನಗೆ ಗೊತ್ತಿತ್ತು. ಅನಾಮಧೇಯ ಎಂಬ ಹೆಸರನ್ನು ಅಪ್ಪನಿಗೆ ಇಟ್ಟವಳು ನಾನೇ.

ಪ್ರಶ್ನೆ ಕೇಳಿ ಎಂದರು. ಮೈಕು ಸಾಲಿನಿಂದ ಸಾಲಿಗೆ ಬಂತು. ನಾನು ನೋಡುತ್ತಿದ್ದಂತೆ ಅಪ್ಪ ಕೈ ಚಾಚಿ ತೆಗೆದುಕೊಂಡು ಎದ್ದು ನಿಂತರು. ತಮ್ಮ ಒಡೆದ ಗಂಟಲಿನಲ್ಲಿ, ಹೋಟೆಲ್ ಹಿಂದಿಯಲ್ಲಿ ಹೇಳಿದರು: "ಸಾಬ್, ಓ ಗೋಳಿಬಜೆ ಖತಂ ಹೋ ಗಯಾ ಥಾ. ಪೂರಾ ಪೋಂಛನಾ ಥಾ. ಆಧಾ ರಹ್ ಗಯಾ. ಗಲತ್ ಹೈ."

ಮುಗಿದದ್ದನ್ನು ಪೂರ್ತಿ ಒರೆಸಬೇಕಿತ್ತು, ಅರ್ಧ ಉಳಿದುಹೋಗಿದೆ, ಅದು ತಪ್ಪು. ಹತ್ತು ವರ್ಷದ ಮೇಲೂ ಆ ಮನುಷ್ಯನನ್ನು ಕಾಡುತ್ತಿದ್ದದ್ದು ಅದು. ಸಭೆ ನಕ್ಕಿತು. ಸಾಹೇಬರು ಹಿಗ್ಗಿ ಹೋದರು.

"ಅಂಕಲ್, ನಿಮಗೆ ಹೇಗೆ ಗೊತ್ತು? ನೀವು ಯಾರು?"

ಅಪ್ಪ ಕೆಳಗೆ ನನ್ನ ಕಡೆ ನೋಡಿದರು. ಅಂದು ಹಲಗೆಯ ಹತ್ತಿರ ನೋಡಿದಂತೆಯೇ. ಆಗ ಅರ್ಥವಾಯಿತು, ಅವರು ನಾನು ಏನು ಹೇಳಬಹುದು ಎಂದು ಕಾಯುತ್ತಿಲ್ಲ, ನನಗೆ ಏನು ಅನುಕೂಲ ಎಂದು ಲೆಕ್ಕ ಹಾಕುತ್ತಿದ್ದಾರೆ.

"ಮೈಂ ಉಧರ್ ಕಾ ಗಿರಾಕ್ ಥಾ," ಎಂದರು. "ರೋಜ್ ಆತಾ ಥಾ."

ಅಲ್ಲಿಗೆ ದಿನಾ ಬರುತ್ತಿದ್ದ ಗಿರಾಕಿಯಂತೆ. ಜನ ಚಪ್ಪಾಳೆ ತಟ್ಟಿದರು. ನೋಡಿ, ಒಬ್ಬ ಗಿರಾಕಿ ಕೂಡ ಮರೆತಿಲ್ಲ, ಇದೇ ಕಲೆಯ ಶಕ್ತಿ ಎಂದು ಸಾಹೇಬರು ಮುಂದುವರಿಸಿದರು. ಅಪ್ಪ ಕೂತು ಮೈಕನ್ನು ನನ್ನ ಕೈಗೆ ಕೊಟ್ಟರು. ಅದು ಇನ್ನೂ ಆನ್ ಇತ್ತು. ನನ್ನ ಉಸಿರು ಅದರಲ್ಲಿ ಕೇಳಿಸಿತು. ನಾನು ಅದನ್ನು ಪಕ್ಕದ ಹುಡುಗಿಗೆ ದಾಟಿಸಿದೆ.

ಭಾಷಣ ಮುಗಿದ ಮೇಲೆ ಕೆಳಗೆ ಪ್ಲಾಟ್‌ಫಾರ್ಮಿಗೆ ಬಂದೆವು. ಠಾಣೆ ಕಡೆಗೆ ಹೋಗಲು ನೆರೂಳಿನಲ್ಲಿ ಗಾಡಿ ಬದಲಿಸಬೇಕಿತ್ತು. ಹಾಲ್‌ನಿಂದ ಬಂದ ಹುಡುಗ ಹುಡುಗಿಯರು ಸುತ್ತ ನಿಂತು ಅದೇ ಹಲಗೆಯ ಬಗ್ಗೆ ಮಾತಾಡುತ್ತಿದ್ದರು. ಅಪ್ಪ ಸ್ವಲ್ಪ ಹೊತ್ತು ಅವರ ಮಾತನ್ನು ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ಬಗ್ಗಿ, ನನ್ನ ಇಡೀ ಆಯುಷ್ಯದಲ್ಲಿ ಒಮ್ಮೆಯೂ ಕೇಳದಿದ್ದದ್ದನ್ನು ಕೇಳಿದರು.

"ಅಕ್ಷರ ಚಂದ ಇತ್ತಲ್ಲ ಮಗಾ?"

ಇತ್ತು ಅಪ್ಪ, ಎಂದೆ. ಕನ್ನಡದಲ್ಲೇ ಹೇಳಿದೆ, ಅವರೊಬ್ಬರಿಗೆ ಮಾತ್ರ ಕೇಳಿಸುವಷ್ಟು ಮೆತ್ತಗೆ.